ಪಶುಪತಿಗೆ ಯಾವ ಎಣ್ಣೆಯ ದೀಪ?

ಈ ಸಲ ಕಾರ್ತಿಕ ಮಾಸ ಪೂರ್ತಿ ದಿನಾ ಸಂಜೆ ಶಿವನಿಗೆ ಹನ್ನೊಂದು ದೀಪ ಹಚ್ಚುತ್ತೇನೆ ಅಂತ ಹರಕೆ ಹೊತ್ತಿದ್ದೆ. ಮೂರನೇ ದಿನ ಬತ್ತಿ ಹೊಸೆಯುತ್ತಾ ಕೂತವಳು ಸುಮ್ನೆ ದೀಪದ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿದೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ತಾಳೆ ಎಣ್ಣೆ ಅಂತ ಇತ್ತು. ಬತ್ತಿ ಕೈಯಲ್ಲೇ ಉಳಿಯಿತು.

ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಎಲ್ಲರಿಗಿಂತ ಜಾಸ್ತಿ ತರಿಸಿಕೊಳ್ಳುವ ದೇಶ ನಮ್ಮದು. ಬಹುಪಾಲು ಬರುವುದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. ಅಲ್ಲಿನ ಸುಮಾತ್ರಾ, ಬೋರ್ನಿಯೋ ದ್ವೀಪಗಳಲ್ಲಿ ಒರಾಂಗುಟಾನ್ ಅನ್ನುವ ದೊಡ್ಡ ವಾನರಗಳು ಗೂಡು ಕಟ್ಟುತ್ತಿದ್ದ ಕಾಡನ್ನು ಬೋಳಿಸಿ ಕಣ್ಣು ಹಾಯುವಷ್ಟು ದೂರ ಈ ಎಣ್ಣೆಯ ತಾಳೆ ಮರವೊಂದನ್ನೇ ನೆಟ್ಟಿದ್ದಾರೆ. ಅಲ್ಲಿ ಎಷ್ಟೋ ಕಡೆ ಕಾಲಡಿ ಇರುವುದು ಮಣ್ಣಲ್ಲ. ಸಾವಿರಾರು ವರ್ಷ ನೀರಿನಲ್ಲಿ ನೆನೆದು ಪದರ ಪದರವಾಗಿ ಕೂತ ಎಲೆ, ಬೇರು, ಕೊಂಬೆ. ತೋಟ ಮಾಡೋಕೆ ಕಾಲುವೆ ತೋಡಿ ಆ ನೀರನ್ನು ಬಸಿದರೆ ಅದು ಒಣಗುತ್ತದೆ, ಒಣಗಿದ ಮೇಲೆ ಒಂದು ಕಿಡಿ ತಾಗಿದರೂ ಬೆಂಕಿ ನೆಲದೊಳಗೇ ಹರಿದುಕೊಂಡು ಹೋಗುತ್ತದೆ, ಜೋರು ಮಳೆ ಬರುವ ತನಕ ಆರುವುದೇ ಕಷ್ಟ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಬೆಂದುಹೋಯಿತು. ಆ ಹೊಗೆಗೆ ಸಮುದ್ರದಾಚೆಯ ಸಿಂಗಾಪುರದಲ್ಲೂ ಶಾಲೆ ಮುಚ್ಚಬೇಕಾಯಿತು.

ಮರದ್ದೇನು ತಪ್ಪು? ಅಷ್ಟೇ ಜಾಗದಲ್ಲಿ ಬೇರೆ ಎಣ್ಣೆಬೀಜಗಳಿಗಿಂತ ಎಷ್ಟೋ ಪಟ್ಟು ಎಣ್ಣೆ ಕೊಡುತ್ತದೆ ಅದು. ಯಾರ ಕಾಡು ಕಡಿದು ನೆಟ್ಟರು ಅನ್ನೋದು ಪ್ರಶ್ನೆ. ತಲೆಮಾರುಗಳಿಂದ ಅಲ್ಲೇ ಬದುಕಿದವರ ಕಾಡನ್ನು ಸರ್ಕಾರದ್ದು ಅಂತ ಬರೆದುಕೊಂಡು ಕಂಪನಿಗಳಿಗೆ ಕೊಟ್ಟರು. ಸಮುದಾಯಗಳ ಪಾರಂಪರಿಕ ಕಾಡು ಸರ್ಕಾರಿ ಕಾಡಲ್ಲ ಅಂತ ಇಂಡೋನೇಷ್ಯಾದ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2013ರಲ್ಲಿ. ಅಷ್ಟರಲ್ಲಿ ಎಷ್ಟೋ ಕಡೆ ಕಾಡೇ ಉಳಿದಿರಲಿಲ್ಲ.

ಶಿವನನ್ನು ಪಶುಪತಿ ಅಂತೀವಿ, ಅಲ್ವಾ? ಎಲ್ಲ ಜೀವಗಳ ಒಡೆಯ. ಆ ಜೀವಗಳ ಮನೆ ಸುಟ್ಟು ತೆಗೆದಿರಬಹುದಾದ ಎಣ್ಣೆಯನ್ನು ಅವನ ಮುಂದೆಯೇ ಹೇಗೆ ಉರಿಸಲಿ? ಈ ಪ್ಯಾಕೆಟ್ಟಿನದು ಯಾವ ತೋಟದ್ದೋ ಗೊತ್ತಾಗುವ ದಾರಿಯೂ ಇರಲಿಲ್ಲ. ಸೋಪು, ಬಿಸ್ಕತ್ತಿನಲ್ಲೂ ಇದೇ ಎಣ್ಣೆ ಇದೆ, ಅದೂ ಗೊತ್ತು. ಆದರೂ ಆ ಸಂಜೆ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿದ್ದ ತುಪ್ಪ ಒಂದು ಚಮಚ ಹಾಕಿ ಒಂದೇ ದೀಪ ಹಚ್ಚಿದೆ. ಹರಕೆ ತಪ್ಪಿತಲ್ಲಪ್ಪಾ, ಕ್ಷಮಿಸು ಅಂದೆ. ಅಷ್ಟು ಹೊತ್ತು ಬೇರೇನನ್ನೂ ಬೇಡದೆ ಅವನ ಮುಂದೆ ಕೂತಿದ್ದು ಅದೇ ಮೊದಲು.

ಸೋಮವಾರ ದೇವಸ್ಥಾನದಲ್ಲಿ ಲಕ್ಷದೀಪೋತ್ಸವ. ಎಣ್ಣೆ ಯಾವುದು ತರಿಸಿದ್ದೀರಿ ಅಂತ ಅರ್ಚಕರನ್ನು ಕೇಳಬೇಕು.