ನಾಳೆ ಮತ್ತೆ ಬರುವ ಕಸವನ್ನು ಇವತ್ತು ಯಾಕೆ ಹೆಕ್ಕುತ್ತೀರಿ?

ಮಂಗಳೂರು, ಉಡುಪಿ ಕಡೆಯ ಕಡಲತೀರಗಳಲ್ಲಿ ಪ್ಲಾಸ್ಟಿಕ್ ಹೆಕ್ಕುವವರ ಜೊತೆ ನಾನೂ ಹೋಗುತ್ತೇನೆಂದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನೀವು ಎಷ್ಟು ಹೆಕ್ಕಿದರೂ ಮುಂದಿನ ವಾರ ಅಷ್ಟೇ ಕಸ ಬಂದು ಬಿದ್ದಿರುತ್ತದಲ್ಲ, ಮತ್ತೆ ಯಾಕೆ ಹೋಗುತ್ತೀರಿ?" ಹೀಗೆ ಕೇಳುವವರಲ್ಲಿ ಕುಹಕ ಕಡಿಮೆ, ನಿಜವಾದ ಅನುಮಾನವೇ ಹೆಚ್ಚು. ಕಸ ಮತ್ತೆ ಬರುವುದು ನಿಜ. ನಾವು ಹೆಕ್ಕಿದ ಮಾತ್ರಕ್ಕೆ ಸಮುದ್ರ ಶುದ್ಧವಾಗುವುದಿಲ್ಲ ಎಂಬುದೂ ನಿಜ. 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 127 ಲಕ್ಷ ಟನ್ನಿನಷ್ಟು ಪ್ಲಾಸ್ಟಿಕ್ ನೆಲದಿಂದ ಸಮುದ್ರಕ್ಕೆ ಸೇರಿತೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ಅದರ ಮುಂದೆ ಒಂದು ಭಾನುವಾರ ಬೆಳಿಗ್ಗೆ ತುಂಬುವ ಗೋಣಿಚೀಲಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದರೂ ಹೆಕ್ಕಬೇಕು ಎನ್ನುವುದಕ್ಕೆ ನನ್ನ ಮೊದಲ ಕಾರಣ, ಮರಳಿನ ಮೇಲೆ ಬಿದ್ದ ಪ್ಲಾಸ್ಟಿಕ್ಕಿಗೆ ಏನಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ತಂಪಾಗಿರುತ್ತದೆ. ಅದರ ಮೇಲೆ ಪಾಚಿ ಕಟ್ಟಿ ಬಿಸಿಲು ತಾಗುವುದೂ ಕಡಿಮೆಯಾಗುವುದರಿಂದ ಅದು ಸವೆಯುವುದು ನಿಧಾನ. ಅದೇ ವಸ್ತು ದಡಕ್ಕೆ ಬಂದು ಬಿದ್ದರೆ ಬಿಸಿಲಿನ ನೇರಳಾತೀತ ಕಿರಣ, ಕಾದ ಮರಳು, ಗಾಳಿಯ ಆಮ್ಲಜನಕ ಎಲ್ಲವೂ ಒಟ್ಟಾಗಿ ಅದನ್ನು ಪೆಡಸುಗೊಳಿಸುತ್ತವೆ, ಬಳಿಕ ಅಲೆ ಮತ್ತು ಮರಳಿನ ತಿಕ್ಕಾಟ ಅದನ್ನು ಚೂರು ಮಾಡುತ್ತದೆ. ದೋಣಿಗಳಲ್ಲಿ ಬಳಸುವ ನೀಲಿ ಅಥವಾ ಹಸಿರು ಹಗ್ಗದ ಹಳೆಯ ತುಂಡೊಂದನ್ನು ಎತ್ತಿಕೊಂಡು ಬೆರಳಲ್ಲಿ ಉಜ್ಜಿ ನೋಡಿ, ಬಣ್ಣದ ಎಳೆಗಳು ಪುಡಿಪುಡಿಯಾಗಿ ಅಂಗೈಗೆ ಅಂಟಿಕೊಳ್ಳುತ್ತವೆ. ಮೀನಿನ ಥರ್ಮೋಕೋಲ್ ಪೆಟ್ಟಿಗೆ ಇನ್ನೂ ಕೆಟ್ಟದ್ದು; ಇವತ್ತು ಇಡಿಯಾಗಿ ಕೈಗೆ ಸಿಗುವುದು ಕೆಲವು ವಾರ ಬಿಟ್ಟರೆ ಬಿಳಿ ಕಾಳುಗಳಾಗಿ ತೀರದ ತುಂಬ ಹರಡಿರುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಮೇಲೆ ಅದನ್ನು ಹೆಕ್ಕುವ ಕೈ ಇಲ್ಲ, ಸೋಸುವ ಜರಡಿಯೂ ಇಲ್ಲ. ಅಂದರೆ ಪ್ಲಾಸ್ಟಿಕ್ ಇಡಿಯಾಗಿ ಕೈಗೆ ಸಿಗುವ ಕೊನೆಯ ಜಾಗ ಈ ತೀರವೇ, ಮತ್ತು ಅಲ್ಲಿ ನಮಗಿರುವ ಸಮಯವೂ ಕಡಿಮೆ. ಕಸ ಮತ್ತೆ ಬರುತ್ತದೆ ಎಂಬುದು ಬೇಗ ಹೆಕ್ಕುವುದಕ್ಕೆ ಕಾರಣವೇ ಹೊರತು ಬಿಟ್ಟುಬಿಡುವುದಕ್ಕಲ್ಲ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವಾದದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ನೇತ್ರಾವತಿ, ಫಲ್ಗುಣಿ, ಸ್ವರ್ಣಾ ನದಿಗಳು ಊರೂರಿನಿಂದ ತಂದದ್ದನ್ನು ಸಮುದ್ರವು ಅಲೆ ಬಂದು ನಿಲ್ಲುವ ಗೆರೆಯುದ್ದಕ್ಕೂ ಒಡ್ಡಿನಂತೆ ಪೇರಿಸಿಟ್ಟಿರುತ್ತದೆ. ಒಂಟಿ ಚಪ್ಪಲಿಗಳು, ಕೆಮ್ಮಿನ ಔಷಧಿಯ ಬಾಟಲಿಗಳು, ಶಾಂಪೂ ಮತ್ತು ಗುಟ್ಕಾ ಪೊಟ್ಟಣಗಳು, ಬಲೆಯ ತುಂಡುಗಳು, ಎಲ್ಲಕ್ಕಿಂತ ಹೆಚ್ಚು ಬೇಸರ ಹುಟ್ಟಿಸುವ ಹಾಲಿನ ಪ್ಯಾಕೆಟಿನ ಮೂಲೆಗಳು. ಹಾಲು ಬಗ್ಗಿಸಲು ಕತ್ತರಿಸಿ ತೆಗೆದ ಆ ಬೆರಳ ತುದಿಯಷ್ಟು ತುಂಡು ಯಾವ ಅಡುಗೆಮನೆಯ ಕಸದ ಬುಟ್ಟಿಯಿಂದ ಜಾರಿತೋ ಹೇಳಲಾಗದು. ಪ್ಯಾಕೆಟನ್ನು ತೊಳೆದು ಗುಜರಿಗೆ ಕೊಡುವ ಅಚ್ಚುಕಟ್ಟಿನ ಮನೆಯವರೂ ಮೂಲೆಯನ್ನು ಮರೆಯುತ್ತಾರೆ. ಇವನ್ನೆಲ್ಲ ಬಗೆಬಗೆಯಾಗಿ ಬೇರ್ಪಡಿಸಿ ಎಣಿಸಿದರೆ ಮಾತ್ರ ಯಾವುದು ಬಂದರಿನದು, ಯಾವುದು ಘಟ್ಟದ ಕೆಳಗಿನ ಪೇಟೆಗಳದು, ಯಾವುದು ನಿನ್ನೆ ಸಂಜೆ ಚುರುಮುರಿ ತಿಂದು ಹೋದವರದು ಎಂಬುದು ತಿಳಿಯುತ್ತದೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರ ಮೊದಲ ಶ್ರಮದಾನ ಏರ್ಪಡಿಸಿದಾಗ ಸಿಕ್ಕಿದ್ದನ್ನೆಲ್ಲ ಸ್ವಯಂಸೇವಕರಿಂದ ಬರೆಸಿಕೊಂಡರು. ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಇಂದು ಹಲವು ದೇಶಗಳಲ್ಲಿ ನಡೆಯುವ ತೀರ ಸ್ವಚ್ಛತಾ ದಿನ ಅದರಿಂದಲೇ ಬೆಳೆದದ್ದು. ನಮ್ಮಲ್ಲಿ ಶ್ರಮದಾನ ಬಂತು, ಬರೆಯುವ ಅಭ್ಯಾಸ ಅಷ್ಟಾಗಿ ಬರಲಿಲ್ಲ. ಚೀಲಗಳ ರಾಶಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಮಾತ್ರ ತಪ್ಪುವುದಿಲ್ಲ, ಅದೂ ಕಾರ್ಯಕ್ರಮದ ಹೆಸರಿರುವ ಹೊಸ ಫ್ಲೆಕ್ಸ್ ಬ್ಯಾನರಿನ ಕೆಳಗೆ.

ಎಲ್ಲಿಂದ ಬರುತ್ತದೆ ಎಂದು ತಿಳಿದವರು ಅಲ್ಲಿಗೇ ಹೋದ ಉದಾಹರಣೆಗಳಿವೆ. ಮುಂಬೈಯ ವರ್ಸೋವಾ ತೀರದಲ್ಲಿ ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ಒಬ್ಬ ನೆರೆಯವರೊಂದಿಗೆ ಕಸ ಹೆಕ್ಕಲು ಆರಂಭಿಸಿದರು, ಜನ ಸೇರುತ್ತ ಹೋದರು, 2018ರಲ್ಲಿ ಅಲ್ಲಿ ಕಡಲಾಮೆಯ ಮರಿಗಳು ಕಾಣಿಸಿಕೊಂಡವು. ಸುದ್ದಿಯಾದದ್ದು ಆಮೆಮರಿಗಳು, ನನಗೆ ದೊಡ್ಡದಾಗಿ ಕಾಣುವುದು ಅವರು ಬಳಿಕ ಕಸವನ್ನು ಹೊತ್ತು ತರುವ ಮಿಠಿ ನದಿಯತ್ತ ಕೆಲಸವನ್ನು ವಿಸ್ತರಿಸಿದ್ದು. ಕೇರಳದ ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ 2017ರಲ್ಲಿ ಇನ್ನೊಂದು ದಾರಿ ಹಿಡಿದರು. ಬಲೆಗೆ ಮೀನಿನ ಜೊತೆ ಸಿಕ್ಕುವ ಪ್ಲಾಸ್ಟಿಕ್ಕನ್ನು ಮತ್ತೆ ನೀರಿಗೆ ಎಸೆಯದೆ ಚೀಲದಲ್ಲಿ ದಡಕ್ಕೆ ತರುವಂತೆ ಮೀನುಗಾರರನ್ನು ಒಪ್ಪಿಸಿ, ಅದನ್ನು ತೊಳೆದು, ವಿಂಗಡಿಸಿ, ಪುಡಿ ಮಾಡಿ ರಸ್ತೆಯ ಡಾಂಬರಿಗೆ ಸೇರಿಸಿದರು. ನಮ್ಮ ಬಂದರುಗಳಲ್ಲೂ ಇದು ಆಗದ ಕೆಲಸವೇನಲ್ಲ.

ಹೆಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನು. ಉಪ್ಪು, ಮರಳು, ತೇವ ಹಿಡಿದ ಪ್ಲಾಸ್ಟಿಕ್ಕನ್ನು ಗುಜರಿಯವರು ಮುಟ್ಟುವುದಿಲ್ಲ. ಪದರ ಪದರವಾಗಿ ಅಂಟಿಸಿದ ಪೊಟ್ಟಣಗಳಿಗೆ ಬೆಲೆಯೇ ಇಲ್ಲ, ಅವು ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗುತ್ತವೆ. ಒಯ್ಯುವ ವಾಹನಕ್ಕೆ ಮೊದಲೇ ಏರ್ಪಾಡು ಮಾಡದೆ ಚೀಲಗಳನ್ನು ಗಾಳಿಮರದ ಬುಡದಲ್ಲಿ ಬಿಟ್ಟು ಬಂದರೆ ನಾಯಿಗಳು ಹರಿದು, ಗಾಳಿ ಹಾರಿಸಿ, ಎಲ್ಲ ವಾಪಸು ನೀರಿಗೆ. ಆದ್ದರಿಂದ ಜೊತೆಗೆ ಬರುತ್ತೇವೆ ಎನ್ನುವವರಿಗೆ ನಾನು ಹೇಳುವುದಿಷ್ಟು: ದಿನ ಗೊತ್ತು ಮಾಡುವ ಮೊದಲು ಪಂಚಾಯತಿಯವರೊಡನೆ ಮಾತಾಡಿ ಗಾಡಿಯನ್ನು ಖಚಿತಪಡಿಸಿಕೊಳ್ಳಿ, ಇಳಿತದ ಹೊತ್ತು ನೋಡಿಕೊಂಡು ಬನ್ನಿ, ಹಳೆಯ ಗೋಣಿಚೀಲ ಮತ್ತು ಮನೆಯ ಸ್ಟೀಲ್ ಬಾಟಲಿಯಲ್ಲಿ ನೀರು ತನ್ನಿ, ಎಣಿಸಿ ಬರೆಯುವುದಕ್ಕೆ ಒಬ್ಬರು ಒಂದು ನೋಟ್‌ಪುಸ್ತಕ ಹಿಡಿದಿರಲಿ.