ಮಾರ್ಕ್ಸ್ ಕಾರ್ಡ್ ಟ್ರಂಕಿನಲ್ಲೇ ಇದೆ

ಬಿ.ಎಸ್ಸಿ. ನರ್ಸಿಂಗ್ ಫಲಿತಾಂಶ ಬಂದು ಒಂದೂವರೆ ತಿಂಗಳಾಯಿತು. ರಾಜ್ಯ ಶುಶ್ರೂಷಾ ಪರಿಷತ್ತಿಗೆ ಅರ್ಜಿ ಹಾಕಿದ್ದೇನೆ, ನೋಂದಣಿ ಸಂಖ್ಯೆ ಇನ್ನೂ ಬಂದಿಲ್ಲ. ಅಷ್ಟರಲ್ಲೇ ಎರಡು ಕೆಲಸ ಕರೆಯುತ್ತಿವೆ. ಒಂದು ಮೈಸೂರಿನ ನರ್ಸಿಂಗ್ ಹೋಂ, ಇನ್ನೊಂದು ಕೊಲ್ಲಿ ದೇಶ. ಎಜುಕೇಷನ್ ಲೋನಿನ ಕಂತು ಕಟ್ಟುವ ಕಾಲ ಹತ್ತಿರ ಬಂತು. ಕಬ್ಬಿನ ದುಡ್ಡು ಯಾವಾಗ ಕೈಸೇರುತ್ತದೋ ಅಪ್ಪನಿಗೇ ಗೊತ್ತಿಲ್ಲ. "ಕೈಗೆ ಬಂದುದ್ದ ಬುಡಬ್ಯಾಡ ಕಣ್ ಮಗ" ಅಂತ ಅಪ್ಪ ದಿನಾ ಹೇಳ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆದರೂ ಹೂಂ ಅನ್ನೋಕೆ ಬಾಯಿ ಬರ್ತಿಲ್ಲ.

ಹೋದ ಸೋಮವಾರ ಮಂಡ್ಯದಿಂದ ಬೆಳಗಿನ ಟ್ರೈನ್ ಹತ್ತಿ ಮೈಸೂರಿಗೆ ಹೋದೆ. ಮೂವತ್ತು ಬೆಡ್ಡಿನ ನರ್ಸಿಂಗ್ ಹೋಂ. ಮ್ಯಾನೇಜರ್ ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ತಿಂಗಳಿಗೆ ಹನ್ನೆರಡು ಸಾವಿರ, ಎರಡು ವರ್ಷದ ಬಾಂಡ್, ನಡುವೆ ಬಿಟ್ಟರೆ ಒಂದು ಲಕ್ಷ ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರ ಇರಬೇಕು. ನನಗಿನ್ನೂ ನೋಂದಣಿ ಆಗಿಲ್ಲ ಸಾರ್ ಅಂದೆ. "ಪರವಾಗಿಲ್ಲಮ್ಮ, ಟ್ರೈನಿ ಅಂತ ಹಾಕ್ಕೋತೀವಿ. ನೈಟ್ ನೀವು ಮಾಡಿ, ಬೆಳಿಗ್ಗೆ ಸಿಸ್ಟರ್ ಬಂದು ಸೈನ್ ಹಾಕ್ತಾರೆ" ಅಂದರು.

ಆ ಮಾತು ಕೇಳಿ ನನಗೆ ಕೂತಲ್ಲೇ ಬೆವರಿತು. ಔಷಧಿ ಕೊಟ್ಟವರೇ ಬರೆಯಬೇಕು, ಬರೆದವರೇ ಸಹಿ ಹಾಕಬೇಕು. ಮೊದಲ ವರ್ಷದಲ್ಲೇ ನಮ್ಮ ಮೇಡಂ ಇದನ್ನು ನೂರು ಸಲ ಹೇಳಿದ್ದರು. ರಾತ್ರಿ ಎರಡಕ್ಕೆ ನಾನು ಕೊಟ್ಟ ಇಂಜೆಕ್ಷನ್‌ಗೆ, ಆ ಹೊತ್ತಲ್ಲಿ ಮನೆಯಲ್ಲಿ ಮಲಗಿದ್ದವರು ಸಹಿ ಹಾಕಿದರೆ ಅದು ಯಾರ ಕೆಲಸ?

ವಾರ್ಡ್ ನೋಡಬಹುದಾ ಅಂತ ಕೇಳಿದೆ, ಬೇಡ ಅನ್ನಲಿಲ್ಲ. ರಾತ್ರಿ ಪಾಳಿಗೆ ಒಬ್ಬರು ನರ್ಸ್, ಒಬ್ಬರು ಆಯಾ. ಹೆರಿಗೆ ಕೋಣೆಯನ್ನೂ ಅವರೇ ನೋಡಿಕೊಳ್ಳಬೇಕು. ಮೂಲೆಯಲ್ಲಿ ಜೀವ ಉಳಿಸುವ ಔಷಧಿ ಇಡುವ ಎಮರ್ಜೆನ್ಸಿ ಟ್ರಾಲಿ, ಅದಕ್ಕೆ ಬೀಗ. ಕೀ ಎಲ್ಲಿ ಅಂದರೆ, "ಇನ್‌ಚಾರ್ಜ್ ಸಿಸ್ಟರ್ ಹತ್ರ, ಸಂಜೆ ಮನೆಗೆ ತಗೊಂಡು ಹೋಗ್ತಾರೆ" ಅಂದಳು ಅಲ್ಲಿದ್ದ ಹುಡುಗಿ. ನನಗಿಂತ ಒಂದು ವರ್ಷ ದೊಡ್ಡವಳಿರಬಹುದು. ಕಣ್ಣು ಕೆಂಪಗಿತ್ತು. ಸತತ ಒಂಬತ್ತನೇ ನೈಟ್ ಅಂತೆ.

ಮೂರನೇ ವರ್ಷದ ಪೋಸ್ಟಿಂಗ್‌ನಲ್ಲಿ ನಡೆದದ್ದು ಇದು. ಆಂಟಿಬಯೋಟಿಕ್ ಕೊಟ್ಟ ಐದೇ ನಿಮಿಷಕ್ಕೆ ಒಬ್ಬರು ಅಮ್ಮನಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ನಾನು ಕೂಗಿದೆ. ಸಿಸ್ಟರ್ ಓಡಿ ಬಂದು, ಡಾಕ್ಟರ್ ಹೇಳುತ್ತಿದ್ದಂತೆ ಟ್ರಾಲಿಯಿಂದ ಇಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ತೆಗೆದು ತೊಡೆಗೆ ಅರ್ಧ ಮಿಲಿಗ್ರಾಂ ಕೊಟ್ಟರು. ಆ ಅಮ್ಮ ಬದುಕಿದರು. ಅವತ್ತು ಟ್ರಾಲಿಗೆ ಬೀಗ ಇದ್ದಿದ್ದರೆ? ಟ್ರೈನಿನಲ್ಲಿ ವಾಪಸ್ ಬರುವಾಗ ಶ್ರೀರಂಗಪಟ್ಟಣ ದಾಟಿದರೂ ಆ ಬೀಗವೇ ಕಣ್ಣಮುಂದೆ ಇತ್ತು.

ಸಂಬಳದ ವಿಷಯಕ್ಕೂ ನನಗೆ ಬೇಜಾರಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತ್ತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕೆ ಕಮ್ಮಿ ಇರಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮ ಕೊಡಬೇಕು ಅಂತ ಅದು ಶಿಫಾರಸು ಮಾಡಿತು. ಜಾರಿ ಮಾಡುವ ಹೊಣೆ ರಾಜ್ಯಗಳಿಗೆ ಬಿತ್ತು. ಇಷ್ಟು ವರ್ಷವಾದ ಮೇಲೂ ನನಗೆ ಹೇಳಿದ್ದು ಹನ್ನೆರಡು ಸಾವಿರ. ಆದರೂ ದುಡ್ಡೊಂದೇ ಕಮ್ಮಿ ಇದ್ದು, ಕಲಿಸುವವರು ಪಕ್ಕದಲ್ಲಿದ್ದಿದ್ದರೆ ನಾನು ಹೋಗುತ್ತಿದ್ದೆನೋ ಏನೋ.

ಒರಿಜಿನಲ್ ಮಾತ್ರ ಕೊಡಲ್ಲ. ನಮ್ಮ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರು ಹೀಗೇ ಕೊಟ್ಟಿದ್ದರು. ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ದಾಖಲೆ ಪರಿಶೀಲನೆ ಬಂದಾಗ ಆಸ್ಪತ್ರೆಯವರು ಬಾಂಡ್ ದುಡ್ಡು ಕಟ್ಟಿ ತಗೊಂಡು ಹೋಗಿ ಅಂದರಂತೆ. ಓಲೆ ಅಡವಿಟ್ಟು ಬಿಡಿಸಿಕೊಂಡರು. ಆಮೇಲೆ ವಕೀಲರೊಬ್ಬರು ಅವರಿಗೆ 1872ರ ಕರಾರು ಕಾಯ್ದೆಯ 74ನೇ ಕಲಂ ತೋರಿಸಿದರು. ಕಾಗದದಲ್ಲಿ ಒಂದು ಲಕ್ಷ ಅಂತ ಬರೆದುಕೊಂಡ ಮಾತ್ರಕ್ಕೆ ಅಷ್ಟೂ ಸಿಗಲ್ಲ, ಅದು ಮೇಲಿನ ಮಿತಿ ಅಷ್ಟೆ, ನ್ಯಾಯವಾದ ಪರಿಹಾರವನ್ನು ಮಾತ್ರ ಕೇಳಬಹುದು. ಇದು ಗೊತ್ತಾಗುವ ಹೊತ್ತಿಗೆ ಅಕ್ಕನ ಓಲೆ ಹೋಗಿಯಾಗಿತ್ತು.

ಕೊಲ್ಲಿಯ ಕತೆ ಅಮ್ಮನ ಕಡೆಯಿಂದ ಬಂದದ್ದು, ಅತ್ತೆಗೆ ಪರಿಚಯದ ಏಜೆಂಟ್. ಮೂರೂವರೆ ಲಕ್ಷ ಕೊಡಿ, ಈಗ ವಿಸಿಟ್ ವೀಸಾದಲ್ಲಿ ಕುವೈತ್‌ಗೆ ಹೋಗಲಿ, ಅಲ್ಲಿ ಬದಲಾಯಿಸೋಣ ಅಂತಾನೆ. ಇದರಲ್ಲಿ ಯೋಚಿಸೋಕೆ ಏನೂ ಇಲ್ಲ. ಕುವೈತ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ 2015ರಿಂದ ನಮ್ಮ ಸರ್ಕಾರದ ಎಮಿಗ್ರೇಷನ್ ಅನುಮತಿ ಕಡ್ಡಾಯ. ಲೈಸೆನ್ಸ್ ಇರುವ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತಗೊಳ್ಳುವ ಹಾಗಿಲ್ಲ. ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡೋಣ, ಲೈಸೆನ್ಸ್ ನಂಬರ್ ಕೊಡಿ ಅಣ್ಣ ಅಂದೆ. ಆಮೇಲೆ ಅವನ ಫೋನೇ ಇಲ್ಲ. ಅತ್ತೆಗೆ ಸಿಟ್ಟು ಬಂದಿದೆ, ಬರಲಿ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಬಾಂಡ್, ಸಂಬಳ ಎಲ್ಲ ಸುಮ್ಮನೆ ಕೇಳಿಸಿಕೊಂಡರು. ಬೀಗದ ವಿಷಯ ಬಂದಾಗ ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಮನೆಗ್ ತಕ್ಕೊಂಡೋಯ್ತರಾ ಕೀಯ?" ಅಂದರು. ಆಮೇಲೆ ಕಂತಿನ ಮಾತು ಎತ್ತಲಿಲ್ಲ.

ಗುರುವಾರ ಮಂಡ್ಯದಲ್ಲೇ ಇನ್ನೊಂದು ಆಸ್ಪತ್ರೆಗೆ ಹೋಗುತ್ತಿದ್ದೇನೆ. ನೋಂದಣಿ ಬಂದ ಮೇಲೇ ಸೇರಿ ಅಂತ ಫೋನಿನಲ್ಲಿ ಅವರೇ ಹೇಳಿದರು. ಎರಡು ಸೆಟ್ ಜೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿಟ್ಟಿದ್ದೇನೆ. ಒರಿಜಿನಲ್ ಅಮ್ಮನ ಟ್ರಂಕಿನಲ್ಲಿದೆ, ಧಾರೆ ಸೀರೆಯ ಕೆಳಗೆ. ಹೋದ ತಕ್ಷಣ ಮೊದಲು ವಾರ್ಡ್ ತೋರಿಸಿ ಅಂತ ಕೇಳುತ್ತೇನೆ.