ಪೆನಾಂಗಿನ ಹಳೇ ಪೇಟೆಯಲ್ಲಿ ಬಂಗುಡೆಯ ಹುಳಿ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಜಾರ್ಜ್ ಟೌನ್ ನೋಡಬೇಕೆಂದರೆ ಬೆಳಿಗ್ಗೆ ಬೇಗ ಹೊರಡಬೇಕು. ಹತ್ತು ಗಂಟೆ ದಾಟಿದರೆ ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆ. ಪುಣ್ಯಕ್ಕೆ ಇಲ್ಲಿನ ಹಳೇ ಕಟ್ಟಡಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಐದಡಿ ಅಗಲದ ಜಗಲಿ. ಬೀದಿಯುದ್ದಕ್ಕೂ ಜಗಲಿಗೆ ಜಗಲಿ ಕೂಡಿಕೊಂಡು ನಡೆಯುವವರಿಗೆಲ್ಲ ನೆರಳು.

1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಗಾಗಿ ಇಲ್ಲಿ ಬಂದರು ಶುರು ಮಾಡಿದ. ಚೀನೀಯರು, ತಮಿಳರು, ಅರಬರು, ಸುಮಾತ್ರಾದವರು ಬಂದು ನೆಲೆಸಿದರು. ಕಪಿತಾನ್ ಕೆಲಿಂಗ್ ಮಸೀದಿಯ ರಸ್ತೆಯಲ್ಲಿ ನಡೆದರೆ ಇದೆಲ್ಲ ಕಣ್ಣೆದುರೇ ಇದೆ. 1801ರಲ್ಲಿ ನಮ್ಮ ದೇಶದ ಮುಸ್ಲಿಮರು ಶುರು ಮಾಡಿದ ಮಸೀದಿ, ಅದೇ ರಸ್ತೆಯಲ್ಲಿ ಊದುಬತ್ತಿಯ ಹೊಗೆ ತುಂಬಿದ, ಚೀನೀಯರ ಕರುಣೆಯ ದೇವಿ ಕುವಾನ್ ಯಿನ್‌ಳ ಗುಡಿ, ಪಕ್ಕದ ಕ್ವೀನ್ ಸ್ಟ್ರೀಟಿನಲ್ಲಿ 1833ರ ಮಹಾಮಾರಿಯಮ್ಮ. ಗೋಡೆ ಚಿತ್ರಗಳ ಮುಂದೆ ಫೋಟೋಗೆ ಕ್ಯೂ ಜಾಸ್ತಿ ಇತ್ತು, ನಾವು ನಿಲ್ಲಲಿಲ್ಲ. ಹೊಟ್ಟೆ ಕರೆಯುತ್ತಿತ್ತು.

ಇಲ್ಲಿನ ಊಟ ಅರಮನೆಯದ್ದಲ್ಲ, ಬಂದರಿನ ಕೂಲಿಯವರದ್ದು. ನಾಸಿ ಕಂದಾರ್ ನೋಡಿ. ತಮಿಳು ಮುಸ್ಲಿಮರು ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ಕಡೆ ಅನ್ನ, ಇನ್ನೊಂದು ಕಡೆ ಸಾರು ತೂಗಿಸಿಕೊಂಡು ಹಡಗುಕಟ್ಟೆಯಲ್ಲಿ ಮಾರುತ್ತಿದ್ದರು. ಈಗ ಅಡ್ಡೆ ಇಲ್ಲ, ಹೋಟೆಲ್ ಇದೆ. ಆದರೆ ನಾಲ್ಕೈದು ಬಗೆಯ ಸಾರನ್ನು ಒಂದೇ ಅನ್ನದ ಮೇಲೆ ಕಲಸಿ ಹೊಯ್ಯುವ ಧಾರಾಳ ಹಾಗೇ ಇದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಆಸಾಂ ಲಕ್ಸಾ. ದಪ್ಪ ಅಕ್ಕಿ ಶಾವಿಗೆ, ಮೇಲೆ ಮೀನಿನ ಹುಳಿಸಾರು. ಪುದೀನ, ಅನಾನಸ್, ಈರುಳ್ಳಿ, ಒಂದು ಬಗೆಯ ಶುಂಠಿ ಹೂವು, ಕೊನೆಗೆ ಒಂದು ಚಮಚ ಕಪ್ಪಗಿನ ಸಿಗಡಿ ಪೇಸ್ಟ್. ಒಂದು ಗುಟುಕು ಕುಡಿದ ಕೂಡಲೇ ಗೊತ್ತಾಯಿತು, ಈ ರುಚಿ ನನಗೆ ಪರಿಚಯದ್ದು! ಸಾರಿಗೆ ಹಾಕುವ ಮೀನು ನಮ್ಮ ಬಂಗುಡೆಯ ಜಾತಿಯದ್ದೇ. ಹುಳಿಗೆ ಹುಣಸೆಯ ಜೊತೆ ಒಣಗಿಸಿದ ಹಣ್ಣಿನ ಹೋಳು ಹಾಕುತ್ತಾರೆ. ಅದು ಮಲೆನಾಡಿನ ಉಪ್ಪಾಗೆಯ, ಕರಾವಳಿಯ ಪುನರ್ಪುಳಿಯ ಹತ್ತಿರದ ಬಂಧು. ಕಡಲಿನ ಆಚೆ ದಡದಲ್ಲೂ ಜನ ಮೀನಿಗೆ ಇದೇ ಹುಳಿ ಹಿಂಡುತ್ತಾರೆ ಅಂದರೆ ಎಷ್ಟು ಖುಷಿ, ಅಲ್ವಾ?

ಬೆವರಿಗೆ ಮದ್ದು ಚೆಂಡೋಲ್. ತುರಿದ ಮಂಜುಗಡ್ಡೆ, ತೆಂಗಿನ ಹಾಲು, ತಾಳೆಬೆಲ್ಲ, ಹಸಿರು ಶಾವಿಗೆ. ಮೀನು ಮಾಂಸ ತಿನ್ನದವರಿಗೆ ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಸಿಗುತ್ತದೆ.

ಸಂಜೆ ಚ್ಯೂ ಜೆಟ್ಟಿಗೆ ಹೋದೆವು. ಸಮುದ್ರದಲ್ಲಿ ಕಂಬ ನೆಟ್ಟು ಕಟ್ಟಿದ ಮರದ ಮನೆಗಳ ಕೇರಿ. ಒಂದೇ ಕುಲನಾಮದ ಚೀನೀ ಕುಟುಂಬಗಳು ಇಲ್ಲಿ ನೆಲೆಸಿದವು. ಇಂಥ ಕೇರಿಗಳು ಇನ್ನೂ ಇದ್ದವು, ಕೆಲವನ್ನು ಕೆಡವಿದ್ದಾರೆ. ಪೇಟೆಯೊಳಗೂ ಇದೇ ನೋವು. 1948ಕ್ಕಿಂತ ಹಿಂದಿನ ಮನೆಗಳಿಗೆ ಬಾಡಿಗೆ ಏರಿಸದಂತೆ ಕಾನೂನು ಇತ್ತು, ಬಡವರು ಅದರಿಂದಲೇ ಉಳಿದಿದ್ದರು. 2000ದಲ್ಲಿ ಅದು ಹೋಯಿತು. ಬಾಡಿಗೆ ಏರಿ ಎಷ್ಟೋ ಕುಟುಂಬಗಳು ಖಾಲಿ ಮಾಡಿದವು. 2008ರಲ್ಲಿ ಜಾರ್ಜ್ ಟೌನ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಕಟ್ಟಡಗಳಿಗೆ ಕಾವಲು ಸಿಕ್ಕಿತು. ಮನೆ ಬಿಟ್ಟು ಹೋದವರು ಮಾತ್ರ ವಾಪಸ್ ಬರಲಿಲ್ಲ. ಹಾಗಾಗಿ ರಾತ್ರಿ ಊಟಕ್ಕೆ ಅಂಥ ಮನೆಗಳಲ್ಲಿ ಬಂದ ಹೊಸ ಕೆಫೆಗಳನ್ನು ಬಿಟ್ಟು ಕಿಂಬರ್ಲಿ ಸ್ಟ್ರೀಟಿನ ತಿಂಡಿ ಗಾಡಿಗಳಿಗೇ ಹೋದೆವು. ನೀವು ಹೋದರೂ ಅಲ್ಲೇ ತಿನ್ನಿ.